ಸಿಕ್ ಲೈನ್

ಇಡೀ ಕೊಡಗಿನಲ್ಲಿ ರೈಲು ಓಡುವ ಹಳಿ ಒಂದು ಮೊಳವೂ ಇಲ್ಲ. ಅಂಥ ಜಿಲ್ಲೆಯಲ್ಲಿ, ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಬಾಡಿಗೆಗೆ ಹಿಡಿದ ಹಳೆಯ ಕ್ವಾರ್ಟರ್ಸಿನಲ್ಲಿ ಕೂತು, ಮೊಣ್ಣಪ್ಪ ನೂರಿಪ್ಪತ್ತಾರು ಗೂಡ್ಸ್ ವ್ಯಾಗನ್‌ಗಳ ಆರೋಗ್ಯ ನೋಡಿಕೊಳ್ಳುತ್ತಿದ್ದ. ವಿರಾಜಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಈ ಮಾತು ಹೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅದಕ್ಕೇ ಅವನು ಹೇಳುವುದನ್ನು ಬಿಟ್ಟಿದ್ದ. ಯಾರಾದರೂ ವಿಚಾರಿಸಿದರೆ 'ರಿಟೈರ್ಡ್' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ವಿಚಾರಿಸುವವರೂ ಹೆಚ್ಚಿರಲಿಲ್ಲ.

ರೈಲ್ವೆಯಲ್ಲಿ ಮೂವತ್ನಾಲ್ಕು ವರ್ಷ ವ್ಯಾಗನ್ ತಪಾಸಣೆ ಮಾಡಿದವನು ಅವನು. ಆ ಕೆಲಸಕ್ಕೆ ಬೇಕಾದದ್ದು ಉದ್ದ ಹಿಡಿಯ ಒಂದು ಸುತ್ತಿಗೆ, ಎರಡು ಕಿವಿ, ಒಂದು ಅಂಗೈ. ಗಾಲಿಗೆ ಒಂದು ಪೆಟ್ಟು ಹಾಕಿ ಕಿವಿಗೊಡಬೇಕು. ಒಳ್ಳೆಯ ಗಾಲಿ ಟಣ್ ಎಂದು ಕೂಗಿ, ಆ ಕೂಗನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಬಿರುಕು ಬಿಟ್ಟದ್ದು ಡಬ್ ಎಂದು ಬಾಯಿ ಮುಚ್ಚುತ್ತದೆ. ಆಮೇಲೆ ಅಚ್ಚಿನ ಕೊನೆಯ ಡಬ್ಬಿಯ ಮೇಲೆ ಕೈ ಇಟ್ಟು ಬಿಸಿ ನೋಡಬೇಕು. ಇಷ್ಟೇ. ಈ ಇಷ್ಟನ್ನೇ ಮಾಡುತ್ತ ಮೊಣ್ಣಪ್ಪ ಗುಂತಕಲ್ಲು, ಅರಸೀಕೆರೆ, ಮೀರಜ್ ಎಂದು ಊರೂರು ತಿರುಗಿದ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಯಾರ್ಡಿನಲ್ಲಿ ಯಾವುದೋ ವ್ಯಾಗನ್ ಹಳಿ ತಪ್ಪಿರುತ್ತಿತ್ತು. ಮುಂದೆ ಹೋಗಿ ಹೋಗಿ ಆ ಮಾತಿಗೇ ಅವಧಿ ಮುಗಿಯಿತು. ನಿವೃತ್ತನಾಗಿ ಬಂದಾಗ ಪೆರಾಜೆಯ ತಂಗಿ ಯಮುನ ತನ್ನ ಮನೆಯಲ್ಲೇ ಇರು ಎಂದಳು. 'ಇನ್ನೊಬ್ಬರ ಸೈಡಿಂಗಿನಲ್ಲಿ ನಿಲ್ಲುವ ವ್ಯಾಗನ್ ನಾನಲ್ಲ' ಎಂದು ಇವನು ಹೇಳಿದ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಆ ಹೊತ್ತಿಗೆ ಅವನಿಗೆ ಅನಿಸಿತ್ತು. ಯಮುನ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಮಾತ್ರ ಆಮೇಲೂ ಮರೆಯಲಿಲ್ಲ.

ವ್ಯಾಗನ್‌ಗಳನ್ನು ಬಾಡಿಗೆಗೆ ಓಡಿಸುವ ಒಂದು ಖಾಸಗಿ ಕಂಪನಿಗೆ ಅವನನ್ನು ಸಲಹೆಗಾರನನ್ನಾಗಿ ಸೇರಿಸಿದವಳು ಗಾನವಿ. ಅವಳೂ ಇದೇ ಜಿಲ್ಲೆಯ ಹುಡುಗಿ, ದೂರದಲ್ಲಿ ಸೊಸೆಯ ಸಂಬಂಧ, ಹುಬ್ಬಳ್ಳಿಯ ಆಫೀಸಿನಲ್ಲಿ ನಿರ್ವಹಣೆಯ ಮುಖ್ಯಸ್ಥೆ. ರೈಲ್ವೆಯವರ ತಪಾಸಣೆ ಅದರ ಪಾಡಿಗೆ ಇರುತ್ತದೆ, ಅದರ ಮೇಲೆ ನಮ್ಮದೂ ಒಂದು ಕಣ್ಣಿರಲಿ ಎಂಬುದು ಕಂಪನಿಯ ಆಲೋಚನೆ. ಕಣ್ಣಲ್ಲ, ಕಿವಿ. ಕಲಬುರಗಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಸೈಡಿಂಗಿನಲ್ಲಿ, ಅಂದರೆ ಕಾರ್ಖಾನೆಯ ಒಳಗೇ ಹೋಗುವ ರೈಲು ಹಾದಿಯಲ್ಲಿ, ವ್ಯಾಗನ್‌ಗಳು ಬಂದು ನಿಲ್ಲುತ್ತಿದ್ದವು. ಅಲ್ಲಿನ ಫಿಟ್ಟರ್ ಶಶಿಕುಮಾರ್ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಫೋನ್ ಮಾಡುತ್ತಿದ್ದ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಫೋನ್. ಅವನು ಗಾಲಿಗೆ ಹೊಡೆಯುವುದು, ಅಲ್ಲಿಂದ ಏಳುನೂರು ಕಿಲೋಮೀಟರ್ ದೂರದಲ್ಲಿ, ಮೆಣಸಿನ ಬಳ್ಳಿಗಳ ನಡುವೆ ಕೂತು ಮೊಣ್ಣಪ್ಪ ಕೇಳಿಸಿಕೊಳ್ಳುವುದು.

"ಬ್ರೇಕ್ ಬಿಟ್ಟಿದ್ದೀಯೇನಪ್ಪ?"

"ಬಿಟ್ಟೀನ್ರಿ ಸರ."

"ಇನ್ನೊಮ್ಮೆ ನೋಡು. ಬ್ರೇಕಿನ ಬ್ಲಾಕ್ ತಾಗಿಕೊಂಡಿದ್ದರೆ ಗಾಲಿ ಕೂಗಲ್ಲ."

"ನೋಡೀನ್ರಿ ಸರ. ಆರಾಮ ಬಿಟ್ಟದ."

ದಿನಕ್ಕೆ ಏಳೆಂಟು ವ್ಯಾಗನ್. ಸರಿಯಿದ್ದರೆ 'ಹೋಗಲಿ' ಎನ್ನುವುದು, ಅನುಮಾನವಿದ್ದರೆ 'ಸಿಕ್ ಲೈನಿಗೆ ಹಾಕು' ಎನ್ನುವುದು. ರೈಲ್ವೆಯವರ ಮಾತಿನಲ್ಲಿ ಕೆಟ್ಟ ವ್ಯಾಗನ್ ಕೆಟ್ಟದ್ದಲ್ಲ, ಸಿಕ್. ಅದನ್ನು ರಿಪೇರಿಗೆ ನಿಲ್ಲಿಸುವ ಹಳಿ ಸಿಕ್ ಲೈನ್. ನಡುವೆ ಶಶಿಕುಮಾರ್ ತನ್ನ ಎರಡು ಮಕ್ಕಳ ಶಾಲೆ, ಅಲ್ಲಿನ ಬಿಸಿಲು, ಬೀಗರ ಊರಿನ ಹುರಕ್ಕಿ ಹೋಳಿಗೆ ಎಲ್ಲ ಹೇಳುತ್ತಿದ್ದ. ಮುಕ್ಕಾಲು ಗಂಟೆಯ ಆ ಫೋನಿಗಾಗಿ ಮೊಣ್ಣಪ್ಪ ಎಂಟೂವರೆಗೇ ಕ್ಷೌರ ಮಾಡಿ, ಇಸ್ತ್ರಿಯ ಅಂಗಿ ಹಾಕಿ ಕೂತಿರುತ್ತಿದ್ದ. ಆ ಫೋನ್ ಇಲ್ಲದ ದಿನ ಹೇಗಿರುತ್ತದೆಂದು ಅವನಿಗೆ ಭಾನುವಾರಗಳಿಂದ ಗೊತ್ತಿತ್ತು. ಭಾನುವಾರ ಬೆಳಗಾದರೆ ಸಂಜೆ ಆಗುತ್ತಲೇ ಇರಲಿಲ್ಲ.

ಮೊದಲು ಭಾನುವಾರಕ್ಕೂ ಒಂದು ಫೋನ್ ಇತ್ತು. ಸಂಜೆ ನಾಲ್ಕು ಗಂಟೆಗೆ ಯಮುನ ಮಾಡುತ್ತಿದ್ದಳು. ಆ ಕಣ್ಣೀರಿನ ಮೇಲೂ ಬಿಡದೆ ಎರಡು ವರ್ಷ ಮಾಡಿದಳು. ಮೊನ್ನೆಯ ಹುತ್ತರಿ ಹಬ್ಬಕ್ಕೂ ಹಿಂದಿನ ಹುತ್ತರಿಯ ಹೊತ್ತಿಗೆ ಅದು ನಿಂತುಹೋಯಿತು. ಅವಳಿಗೂ ಸಾಕಾಯಿತು ಎಂದುಕೊಂಡ ಮೊಣ್ಣಪ್ಪ. ಅವಳೇ ಬಿಟ್ಟ ಮೇಲೆ ತಾನಾಗಿ ಮಾಡುವುದೇನು ಎಂದು ಇವನೂ ಬಿಗಿದುಕೊಂಡ. ಒಂದು ವರ್ಷವೂ ಮೇಲಷ್ಟು ತಿಂಗಳೂ ಹಾಗೇ ಕಳೆದವು. ಬಿಗಿದುಕೊಂಡದ್ದು ನೋಯುತ್ತಿತ್ತು, ಬಿಚ್ಚುವುದು ಗೊತ್ತಿರಲಿಲ್ಲ.

ಮನೆಗೆ ಬರುವ ಜೀವ ಎಂದರೆ ಬೋಜಮ್ಮ ಒಬ್ಬಳು. ಎಸ್ಟೇಟಿನ ಲೆಕ್ಕದಲ್ಲಿ ಅವಳಿಗೂ ನಿವೃತ್ತಿ. ಮಗ ರವಿ ಜೀಪು ಓಡಿಸುವುದರಿಂದ ಲೈನಿನ ಮನೆ ಉಳಿದಿತ್ತು. ಎಸ್ಟೇಟಿನಲ್ಲಿ ಲೈನ್ ಎಂದರೆ ಕೆಲಸದವರ ಸಾಲುಮನೆ. ಅದನ್ನು ಬಿಟ್ಟು ಬೇರೆ ಲೈನ್ ಬೋಜಮ್ಮನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಬಂದು ಗುಡಿಸಿ, ಒರೆಸಿ, ಗಂಜಿಯನ್ನೋ ಕಡುಬನ್ನೋ ಬೇಯಿಸಿಟ್ಟು ಹೋಗುವವಳು. ಫೋನಿನ ಸ್ಪೀಕರ್ ಯಾವಾಗಲೂ ಜೋರಾಗಿಯೇ ಇರುತ್ತಿದ್ದುದರಿಂದ ಅಲ್ಲಿ ನಡೆಯುವುದೆಲ್ಲ ಅವಳ ಕಿವಿಗೂ ಬೀಳುತ್ತಿತ್ತು. ಮೂರು ತಿಂಗಳು ಸುಮ್ಮನೆ ಕೇಳಿ ಒಂದು ದಿನ ಪೊರಕೆ ನಿಲ್ಲಿಸಿ ಕೇಳಿದಳು.

"ಅಯ್ಯ, ಆ ಸಿಕ್ ಲೈನಲ್ಲಿ ಮನೆ ಎಷ್ಟುಂಟು?"

"ಎಂಥ ಮನೆ?"

"ಅಲ್ಲ, ಆಗಾಗ ಒಬ್ಬೊಬ್ಬರನ್ನು ಅಲ್ಲಿಗೆ ಹಾಕ್ತೀರಲ್ಲ. ಹುಷಾರಿಲ್ಲದವರನ್ನೆಲ್ಲ ಒಂದೇ ಲೈನಲ್ಲಿ ಇಟ್ಟರೆ ಅವರಿಗೆ ಗಂಜಿ ಕಾಯಿಸಿ ಕೊಡೋದು ಯಾರು? ನಮ್ಮ ಲೈನಲ್ಲಿ ಒಬ್ಬರಿಗೆ ಜ್ವರ ಬಂದ್ರೆ ಪಕ್ಕದ ಮನೆಯವರು ನೋಡ್ತಾರೆ."

ಮೊಣ್ಣಪ್ಪ ನಕ್ಕ. ವ್ಯಾಗನ್ ಎಂದರೇನು, ಗಾಲಿ ಎಂದರೇನು ಎಂದು ವಿವರಿಸಿ ಹೇಳಿದ. ಬೋಜಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಮರುದಿನ ಬಂದವಳು, "ಇವತ್ತು ಎಷ್ಟು ಜನಕ್ಕೆ ಹುಷಾರಿಲ್ಲ ಅಯ್ಯ?" ಎಂದೇ ಕೇಳಿದಳು. ಅವತ್ತಿನಿಂದ ದಿನವೂ ಅದೇ ಪ್ರಶ್ನೆ. ಅವಳು ತಮಾಷೆ ಮಾಡುತ್ತಿದ್ದಾಳೋ ನಿಜವಾಗಿ ಕೇಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಆ ಪ್ರಶ್ನೆ ಅವನಿಗೆ ಬೇಕಾಗಿತ್ತು.

ಕೊಡಗಿನಲ್ಲಿ ರೈಲುಹಳಿ ಇಲ್ಲ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಎಸ್ಟೇಟಿನ ಮಸ್ಟರ್ ಕಟ್ಟೆಯಲ್ಲಿ, ಕೆಲಸದವರು ಬೆಳಿಗ್ಗೆ ಹಾಜರಿ ಕೊಡುವ ಜಾಗದಲ್ಲಿ, ಹಲಸಿನ ಮರದ ಕೊಂಬೆಗೆ ಎರಡೂವರೆ ಅಡಿಯ ಒಂದು ಹಳಿಯ ತುಂಡು ಸರಪಳಿಯಲ್ಲಿ ತೂಗುತ್ತಿತ್ತು. ಯಾವ ಕಾಲದ ದೊರೆ ಎಲ್ಲಿಂದ ತಂದು ಕಟ್ಟಿದ್ದೋ. ಎಂಟು ಗಂಟೆಗೆ ಅದಕ್ಕೆ ಕಬ್ಬಿಣದ ಸಲಾಕೆಯಿಂದ ಹೊಡೆದರೆ ಎಸ್ಟೇಟಿಗೆಲ್ಲ ಗಂಟೆ. ಮೊಣ್ಣಪ್ಪ ಈ ಮನೆಗೆ ಬಂದ ಹೊಸತರಲ್ಲಿ ಆ ನಾದ ಕೇಳಿ ಎದ್ದು ಕೂತಿದ್ದ. ಇತ್ತೀಚೆಗೆ ಮಾತ್ರ ಅದು ಒಣ ಮರಕ್ಕೆ ಹೊಡೆದ ಹಾಗೆ ಕೇಳುತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತೀರ್ಥಪ್ರಸಾದ್ ಸಿಕ್ಕಾಗ, "ನಿಮ್ಮ ಗಂಟೆ ಬಿರುಕು ಬಿಟ್ಟಿದೆ ಮಾರಾಯ್ರೆ, ಯಾರ ತಲೆ ಮೇಲಾದರೂ ಬೀಳ್ತದೆ" ಎಂದು ಎಚ್ಚರಿಸಿದ್ದ. ತೀರ್ಥಪ್ರಸಾದ್ ಒಂದು ಗಳಿಗೆ ಅವನನ್ನೇ ನೋಡಿ, "ಆಯ್ತು ಸಾರ್, ನೋಡುವ" ಎಂದಿದ್ದ. ಹಿರಿಯರು ಹೇಳಿದ್ದಕ್ಕೆ ಎದುರು ಹೇಳುವ ಜನ ಅಲ್ಲ ಇಲ್ಲಿಯವರು. ಕಾಡಿನ ಜೀರುಂಡೆಗಳು ಕೂಗುವುದಿಲ್ಲ, ನೀವು ಹೊಡೆಯುವ ಮದ್ದಿಗೆ ಎಲ್ಲ ಸತ್ತವು ಎಂದಾಗಲೂ ಅದೇ ತೀರ್ಥಪ್ರಸಾದ್ ಅದೇ ಮಾತು ಹೇಳಿದ್ದ. ಆಯ್ತು ಸಾರ್, ನೋಡುವ.

ಫೆಬ್ರವರಿಯ ಮೊದಲ ವಾರ ಗಾನವಿ ವಿಡಿಯೋ ಕಾಲ್ ಮಾಡಿದಳು. ಅವಳ ಮಾತು ಈಚೆಗೆ ತುಂಡು ತುಂಡಾಗಿ ಬರುತ್ತಿತ್ತು. ನೆಟ್‌ವರ್ಕನ್ನು ಬೈಯುತ್ತ ಮೊಣ್ಣಪ್ಪ ಫೋನನ್ನು ಮುಖದ ಹತ್ತಿರ ಹಿಡಿದ.

"ಮಾವ, ನಾಕ್ ತಿಂಗಳಲ್ಲಿ ನೀವು ಹನ್ನೊಂದು ವ್ಯಾಗನ್ ಸಿಕ್ ಮಾಡಿದರಿ. ವರ್ಕ್‌ಶಾಪಲ್ಲಿ ಗಾಲಿ ಬಿಚ್ಚಿ, ಮೆಷಿನ್ ಇಟ್ಟ್ ನೋಡಿದ್ರೆ ಒಂಬತ್ತರಲ್ಲಿ ಎಂಥದೂ ಇಲ್ಲೆ."

"ಇವತ್ತು ಇಲ್ಲದಿದ್ದರೆ ನಾಳೆ ಬರ್ತಿತ್ತು."

"ಹಂಗೆ ಹೇಳಿರೆ ಮೇಲಿನವರು ಒಪ್ಪೊಲ್ಲ ಮಾವ."

ಆಮೇಲೆ ಅವಳು ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಹೇಳಿದಳು. ವ್ಯಾಗನ್ ಸಾಕುವುದಕ್ಕೆ ಮೂರು ದಾರಿಯಂತೆ. ಮುರಿಯುವ ತನಕ ಓಡಿಸಿ ಮುರಿದ ಮೇಲೆ ನೋಡುವುದು ಒಂದು. ಮುರಿಯಲಿ ಬಿಡಲಿ, ತಾರೀಖು ಬಂದಾಗ ಬಿಚ್ಚುವುದು ಇನ್ನೊಂದು. ಮೂರನೆಯದು ಅದರ ಸ್ಥಿತಿ ಹೇಗಿದೆ ಎಂದು ಓಡುತ್ತಿರುವಾಗಲೇ ಅಳೆದು, ಬೇಕಾದಾಗ ಮಾತ್ರ ಕೈ ಹಾಕುವುದು. ಅದಕ್ಕೆ ಹಳಿಯ ಪಕ್ಕ ಯಂತ್ರ ಕೂರಿಸುತ್ತಾರೆ. ಗಾಲಿಯ ಸದ್ದು, ಬಿಸಿ, ಪೆಟ್ಟು ಎಲ್ಲ ಅದೇ ಬರೆದುಕೊಳ್ಳುತ್ತದೆ. ನಾನು ಮೂವತ್ನಾಲ್ಕು ವರ್ಷ ಮಾಡಿದ್ದು ಮತ್ತೇನು ಎಂದು ಮೊಣ್ಣಪ್ಪನಿಗೆ ಸಿಟ್ಟು ಬಂತು. ಸ್ಥಿತಿ ನೋಡುವ ಯಂತ್ರ ತಾನೇ ಅಲ್ಲವೇ.

"ಮಾರ್ಚ್ ಕೊನೆಗೆ ತೀರ್ಮಾನ ಮಾವ. ಅಷ್ಟರಲ್ಲಿ ಈ ಸುಮ್ಮನೆ ಸಿಕ್ ಮಾಡ್ದು ಕಮ್ಮಿ ಆದ್ರೆ ನಾನು ನಿಮ್ಮ ಪರ ಮಾತಾಡಿಕೆ ಆದೆ. ಇಲ್ಲರೆ ಬೆಳಗ್ಗಿನ ಫೋನ್ ನಿಲ್ಲಿಸ್ತಾರೆ."

ಸಲಹೆಗಾರನ ಕೆಲಸ ಹೋಗುತ್ತದೆ ಎಂದಿದ್ದರೆ ಮೊಣ್ಣಪ್ಪ ಹೋಗಲಿ ಬಿಡು ಎನ್ನುತ್ತಿದ್ದನೇನೋ. ಅವಳು ಫೋನ್ ನಿಲ್ಲುತ್ತದೆ ಎಂದಳು. ಅವತ್ತಿಡೀ ಅವನು ಹಿಂದಿನ ಜಗಲಿಯಲ್ಲಿ ಕೂತು ಕಾಫಿ ಗಿಡಗಳನ್ನು ನೋಡಿದ. ಒಂಬತ್ತು ಗಂಟೆಗೆ ಕೂಗದ ಫೋನು, ಬೇಡದ ಇಸ್ತ್ರಿ, ಏಳು ಭಾನುವಾರಗಳ ಒಂದು ವಾರ. ಹೆದರಿಕೆ ಆಯಿತು. ಅರವತ್ತಮೂರು ವರ್ಷದ ಗಂಡಸು ಒಂದು ಫೋನಿಗೆ ಹೆದರಿದ.

ಅಲ್ಲಿಂದ ಮುಂದೆ ಅವನು ಸಡಿಲ ಬಿಟ್ಟ. ಗಾಲಿ ಡಬ್ ಎಂದಂತೆ ಕೇಳಿದರೂ 'ಹೋಗಲಿ' ಎನ್ನತೊಡಗಿದ. ಮೊದಲ ದಿನ ಕಷ್ಟವಾಯಿತು, ನಾಲ್ಕನೆಯ ದಿನಕ್ಕೆ ರೂಢಿಯಾಯಿತು. ಏನೂ ಆಗಲಿಲ್ಲ. ಮೂರು ವಾರದಲ್ಲಿ ಒಂದೂ ವ್ಯಾಗನ್ ಸಿಕ್ ಆಗಲಿಲ್ಲ. ಗಾನವಿ ಹೆಬ್ಬೆರಳಿನ ಚಿತ್ರ ಕಳಿಸಿದಳು. ಮೊಣ್ಣಪ್ಪ ಅದನ್ನು ಸಂತೋಷದಿಂದ ನೋಡಿದನಾದರೂ ಅವತ್ತು ಊಟ ಸೇರಲಿಲ್ಲ. ಸರ್ವೀಸಿನಲ್ಲಿದ್ದಾಗ ಹೀಗೆ ಮಾಡಿದವರನ್ನು ಅವನು ಲೈನಿನಲ್ಲಿ ನಿಲ್ಲಿಸಿ ಬೈದಿದ್ದ.

ಮಾರ್ಚಿನ ಎರಡನೆಯ ಶನಿವಾರ. ಸಿಮೆಂಟ್ ತುಂಬಿದ ರೇಕ್, ಅಂದರೆ ಒಂದೇ ಸಾಲಿಗೆ ಕೂಡಿಸಿದ ನಲವತ್ತೆರಡು ವ್ಯಾಗನ್, ಮಧ್ಯಾಹ್ನ ಮೂರಕ್ಕೆ ಹೊರಡುವುದಿತ್ತು. ಅದರಲ್ಲಿ ಅವತ್ತಿನ ಪಾಲಿನ ಎಂಟನ್ನು ಶಶಿಕುಮಾರ್ ಒಂದೊಂದೇ ನಂಬರ್ ಕೂಗಿ ಹೊಡೆದ. ನಾನೂರ ಹದಿನೇಳಕ್ಕೆ ಬಂದಾಗ ಅವನು ಹೊಡೆದು ಏನೋ ಅಂದ. ಕಾರ್ಖಾನೆಯ ಕಲ್ಲು ಪುಡಿ ಮಾಡುವ ಯಂತ್ರದ ಗದ್ದಲದಲ್ಲಿ ಅದು ಸರಿಯಾಗಿ ಕೇಳಲಿಲ್ಲ. ಏನೆಂದೆ ಎಂದು ಕೇಳುವುದು ಮೊಣ್ಣಪ್ಪನ ಸ್ವಭಾವ ಅಲ್ಲ.

"ಹೋಗಲಿ. ಮುಂದಿನದು."

ಫೋನ್ ಇಟ್ಟ ಮೇಲೆ ಬೋಜಮ್ಮ ಒಲೆಯ ಹತ್ತಿರದಿಂದಲೇ ಕೇಳಿದಳು. "ಇವತ್ತು ಒಬ್ಬನಿಗೆ ಹುಷಾರಿಲ್ಲ ಅಲ್ವ ಅಯ್ಯ?"

"ಇವತ್ತು ಯಾರಿಗೂ ಎಂಥದೂ ಆಗಿಲ್ಲ."

"ಇಲ್ಲಪ್ಪ, ಒಬ್ಬ ಇದ್ದ. ಬೇರೆಯವರೆಲ್ಲ ನಮ್ಮ ಮಸ್ಟರ್ ಗಂಟೆ ಥರ ಟಣ್ ಅಂತ ಹೇಳಿ ಎಷ್ಟೊತ್ತು ಕೂಗ್ತಾ ಇದ್ರು. ಅವನೊಬ್ಬ ಮಾತ್ರ ಒಡೆದ ಮಡಕೆ. ಸಂತೆಯಲ್ಲಿ ಹಾಗೆ ಕೇಳಿದ್ರೆ ನಾನು ತೆಗೊಳ್ಳುದೇ ಇಲ್ಲ."

ಮೊಣ್ಣಪ್ಪ ತಿರುಗಿ ನೋಡಿದ. "ಮಸ್ಟರ್ ಗಂಟೆಯೇ ಒಡೆದಿದೆಯಲ್ಲ."

"ಯಾರು ಹೇಳಿದ್ದು? ಇವತ್ತು ಬೆಳಿಗ್ಗೆ ಕೂಡ ಕಿವಿ ಕಿತ್ತುಹೋಗುವ ಹಾಗೆ ಹೊಡೆದ್ರಲ್ಲ."

ಕಂಪನಿಯ ನಿಯಮದಂತೆ ಎಲ್ಲ ಕರೆಗಳೂ ಫೋನಿನಲ್ಲಿ ದಾಖಲಾಗುತ್ತಿದ್ದವು. ಮೊಣ್ಣಪ್ಪ ಬೆಳಗಿನದನ್ನು ತೆರೆದು, ಸ್ಪೀಕರಿಗೆ ಹಾಕಿ, ಬೋಜಮ್ಮನನ್ನು ಕುರ್ಚಿಯ ಹತ್ತಿರ ಕರೆದ. ಒಂದೊಂದು ಪೆಟ್ಟಿಗೂ ಅವಳು ಹೇಳುತ್ತ ಹೋದಳು. ಇವನಿಗೆ ಹುಷಾರುಂಟು. ಇವನಿಗೂ ಉಂಟು. ಇವನಂತೂ ಮದುವೆ ಗಂಡಿನ ಹಾಗೆ ಕೂಗ್ತಾನೆ. ಮೊಣ್ಣಪ್ಪನಿಗೆ ಎಲ್ಲವೂ ಒಂದೇ. ಡಬ್, ಡಬ್, ಡಬ್. ನಾನೂರ ಹದಿನೇಳು ಬಂದಾಗ ಬೋಜಮ್ಮ ಕೈ ಎತ್ತಿದಳು.

"ಇವನೇ. ನೋಡಿ, ಆ ಮನುಷ್ಯ ಕೂಡ ಹೇಳ್ತಾ ಇದ್ದಾರಲ್ಲ."

"ಏನು ಹೇಳ್ತಿದ್ದಾನೆ?"

"ಸರ, ಇದ್ಯಾಕೋ ಬ್ಯಾರೆ ಕೇಳಸ್ತದ, ಅಂತ."

ಮೊಣ್ಣಪ್ಪ ಎದ್ದ. ಗೋಡೆಯ ಮೊಳೆಗೆ ತೂಗುಹಾಕಿದ್ದ ಸುತ್ತಿಗೆ ತೆಗೆದುಕೊಂಡ. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಹಿಡಿಗೆ ಬಣ್ಣ ಹಚ್ಚಿ ಕೊಟ್ಟಿದ್ದ ಸುತ್ತಿಗೆ ಅದು. ಮಸ್ಟರ್ ಕಟ್ಟೆಗೆ ಐದು ನಿಮಿಷದ ದಾರಿ. ಕೆಲಸದವರೆಲ್ಲ ಮೆಣಸು ಕೊಯ್ಯಲು ಹೋಗಿದ್ದರಿಂದ ಅಲ್ಲಿ ಯಾರೂ ಇರಲಿಲ್ಲ, ಒಂದು ನಾಯಿ ಮಲಗಿತ್ತು. ಹಳಿಯ ತುಂಡಿನ ಮುಂದೆ ನಿಂತು, ಮೂವತ್ನಾಲ್ಕು ವರ್ಷ ಹೊಡೆದಂತೆಯೇ ಒಂದು ಪೆಟ್ಟು ಹೊಡೆದ.

ಡಬ್.

ನಾಯಿ ತಲೆ ಎತ್ತಿತು. ಮೊಣ್ಣಪ್ಪ ಬೆರಳ ತುದಿಗಳನ್ನು ಮೆಲ್ಲಗೆ ಹಳಿಗೆ ತಾಗಿಸಿದ. ಹಳಿ ನಡುಗುತ್ತಿತ್ತು. ಸದ್ದು ಮುಗಿದು ಎಷ್ಟೋ ಹೊತ್ತಾದ ಮೇಲೂ ಬೆರಳಿನ ಕೆಳಗೆ ಆ ಕಬ್ಬಿಣ ಜುಮ್ಮೆನ್ನುತ್ತಲೇ ಇತ್ತು. ಇನ್ನೊಮ್ಮೆ ಹೊಡೆದ. ಇನ್ನೊಮ್ಮೆ. ನಾಯಿ ಎದ್ದು ಕಿವಿ ಕೊಡವಿ ದೂರ ಹೋಯಿತು. ಹಳಿ ಕೂಗುತ್ತಿತ್ತು, ನಾಯಿಗೆ ಕೇಳುತ್ತಿತ್ತು, ಲೈನಿನ ಮನೆಗಳಿಗೆಲ್ಲ ಕೇಳುತ್ತಿತ್ತು. ಅವನೊಬ್ಬನಿಗೆ ಮಾತ್ರ ಕೇಳುತ್ತಿರಲಿಲ್ಲ.

ಹಳಿಯನ್ನು ಹಿಡಿದುಕೊಂಡೇ ಅವನು ಅಲ್ಲಿ ನಿಂತ. ಸರ್ವೀಸಿನಲ್ಲಿದ್ದಾಗ ಮನುಷ್ಯರಿಗೂ ತಾರೀಖಿತ್ತು. ಇಷ್ಟು ವರ್ಷಕ್ಕೊಮ್ಮೆ ಕರೆದು ಕಣ್ಣು, ಕಿವಿ, ರಕ್ತ ಎಲ್ಲ ನೋಡಿ ಕಾಗದ ಕೊಡುತ್ತಿದ್ದರು. ರಿಟೈರ್ ಆದ ಮೇಲೆ ಅವನಿಗೆ ಯಾರ ತಾರೀಖೂ ಇರಲಿಲ್ಲ, ಸ್ಥಿತಿ ನೋಡುವವರೂ ಇರಲಿಲ್ಲ. ಗಾನವಿಯ ಮೂರು ದಾರಿಗಳಲ್ಲಿ ಮೊದಲನೆಯದೇ ಅವನ ಪಾಲಿಗೆ ಬಂದಿತ್ತು. ಎರಡು ಜನ ಇರುವ ಮನೆಯಾಗಿದ್ದರೆ, ಎಷ್ಟು ಸಲ ಕರೆಯೋದು ಎಂದು ಯಾರಾದರೂ ರೇಗಿರುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಮನೆಗೆ ಬರುವಾಗ ಗಂಟೆ ಹತ್ತೂವರೆ. ಮೂರಕ್ಕೆ ರೇಕ್. ದಾರಿಯುದ್ದಕ್ಕೂ ಒಂದು ಕೆಟ್ಟ ಯೋಚನೆ ಅವನ ಜೊತೆಗೇ ನಡೆದುಬಂದಿತ್ತು. ಶಶಿಕುಮಾರನಿಗೆ 'ಯಾಕೋ ಅನುಮಾನ, ನಾನೂರ ಹದಿನೇಳನ್ನು ತೆಗೆ' ಎಂದಷ್ಟೇ ಹೇಳಬಹುದು. ಬಿರುಕು ಸಿಕ್ಕರೆ ಅವನ ಕಿವಿಗೇ ಹೆಸರು ಬರುತ್ತದೆ. ನಾಳೆಯಿಂದ ಬೋಜಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಒಂಬತ್ತು ಗಂಟೆಯ ಫೋನ್ ಎಷ್ಟು ವರ್ಷ ಬೇಕಾದರೂ ನಡೆಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಈ ಐದು ವಾರದಲ್ಲಿ ಅವನು ಕೇಳದೆ ಹೋಗಲಿ ಎಂದ ವ್ಯಾಗನ್‌ಗಳು ನೂರಕ್ಕೂ ಹೆಚ್ಚು. ಅವೆಲ್ಲ ಎಲ್ಲೆಲ್ಲೋ ಓಡುತ್ತಿದ್ದವು.

ಶಶಿಕುಮಾರನಿಗೆ ಫೋನ್ ಮಾಡಿದ. "ನಾನೂರ ಹದಿನೇಳನ್ನು ಸಿಕ್ ಲೈನಿಗೆ ಹಾಕು. ಗಾಲಿಗೆ ಸೀಮೆಎಣ್ಣೆ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ನೋಡು. ಬಿರುಕಿದ್ದರೆ ಎಣ್ಣೆ ಒಸರಿ ಗೆರೆ ಕಾಣ್ತದೆ."

"ಆತ್ರಿ ಸರ. ನನಗೂ ಅನುಮಾನ ಇತ್ರಿ."

"ಇನ್ನೊಂದು ಮಾತು. ನನಗೆ ಕೇಳಲ್ಲ ಶಶಿಕುಮಾರ್. ಗಾಲಿ ಕೂಗುವುದು ನನಗೆ ಕೇಳಲ್ಲ. ಎಷ್ಟು ದಿನದಿಂದ ಅಂತಲೂ ಗೊತ್ತಿಲ್ಲ."

ಶಶಿಕುಮಾರ್ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದ. "ಒಮ್ಮೆ ನೀವು ಸಿಕ್ ಅಂದದ್ದಕ್ಕ ನಾ ಅಂದಿದ್ದೆನ್ರಿ, ಛಲೋ ಕೇಳಸ್ತದ ಅಂತ. ನೀವು ಬೈದ್ರಿ. ಅದಕ್ಕ ಸುಮ್ಮನಾದ್ನಿ."

ಬೈದದ್ದು ಮೊಣ್ಣಪ್ಪನಿಗೆ ನೆನಪಿತ್ತು.

ಗಾನವಿಗೂ ಎಲ್ಲ ಹೇಳಿದ. ಸಡಿಲ ಬಿಟ್ಟದ್ದನ್ನೂ, ಯಾಕೆ ಬಿಟ್ಟೆ ಎಂಬುದನ್ನೂ. ಫೋನ್ ನಿಲ್ಲುತ್ತದೆ ಎಂದು ಹೆದರಿದ್ದನ್ನೂ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸಂಜೆ ಅವಳ ಸಂದೇಶ ಬಂತು. ನಾನೂರ ಹದಿನೇಳರ ಮೂರನೆಯ ಅಚ್ಚಿನ ಗಾಲಿಯಲ್ಲಿ ನಾಲ್ಕು ಬೆರಳಿನಷ್ಟು ಬಿರುಕು ಸಿಕ್ಕಿದೆ. ನೀವು ಬಿಟ್ಟ ವ್ಯಾಗನ್‌ಗಳನ್ನೆಲ್ಲ ನಿಂತಲ್ಲೇ ಮತ್ತೆ ನೋಡಿಸುತ್ತಿದ್ದೇವೆ. ಸೋಮವಾರದಿಂದ ಬೆಳಗಿನ ಫೋನ್ ಇರುವುದಿಲ್ಲ ಮಾವ. ದಯವಿಟ್ಟು ಕಿವಿ ತೋರಿಸಿ.

ಮೊಣ್ಣಪ್ಪ ಅದನ್ನು ಎರಡು ಸಲ ಓದಿ, ಸರಿ ಎಂದು ಉತ್ತರ ಬರೆದು, ಸುತ್ತಿಗೆಯನ್ನು ಮೊಳೆಗೆ ತೂಗುಹಾಕಿದ. ಒಗೆಯಲು ಹಾಕಿದ್ದ ವಾರದ ಅಂಗಿಗಳನ್ನು ಲೆಕ್ಕವಿಲ್ಲದೆ ಒಂದರ ಮೇಲೊಂದು ಒಟ್ಟಿದ.

ಮರುದಿನ ಭಾನುವಾರ. ಭಾನುವಾರ ಬೋಜಮ್ಮ ಮಧ್ಯಾಹ್ನದ ಮೇಲೆ ಬಂದು ಹಿತ್ತಲ ನಲ್ಲಿಯಲ್ಲಿ ಅವನ ಬಟ್ಟೆ ಒಗೆಯುವುದು. ಅವನು ಹಿಂದಿನ ಜಗಲಿಯಲ್ಲಿ ಕೂರುವುದು. ನಿನ್ನೆ ಮಸ್ಟರ್ ಕಟ್ಟೆಯಲ್ಲಿ ಅಯ್ಯ ಗಂಟೆ ಹೊಡೆದದ್ದು ಲೈನಿಗೆಲ್ಲ ಸುದ್ದಿಯಾಗಿತ್ತು. ಅವಳು ಅಂಗಿಯ ಕಾಲರ್ ಉಜ್ಜುತ್ತ, ಈಗ ಕಲಿತುಕೊಂಡ ಜೋರು ದನಿಯಲ್ಲಿ ಮಾತು ತೆಗೆದಳು.

"ಕಿವಿ ಕೇಳಲ್ಲ ಅಂತ ಮೊದಲೇ ಹೇಳಬಾರದಿತ್ತಾ ಅಯ್ಯ. ನಾನು ನಿಮಗೆ ಯಾರ ಮೇಲೋ ಕೋಪ ಅಂತ ಅಂದ್ಕೊಂಡಿದ್ದೆ."

"ಕೋಪ ಯಾಕೆ?"

"ಮತ್ತೆ ಆ ಫೋನ್ ತೆಗೆಯಲ್ಲವಲ್ಲ ನೀವು."

"ಯಾವ ಫೋನು?"

"ಹಾಲಿದು. ನಾನು ಬ್ಲೌಸ್ ಬಟ್ಟೆ ಹೊದಿಸಿ ಇಟ್ಟಿದ್ದೇನಲ್ಲ, ಧೂಳಾಗುತ್ತೆ ಅಂತ, ಅದು. ಭಾನುವಾರ ಭಾನುವಾರ ಕಾಫಿ ಹೊತ್ತಿಗೆ ಹೊಡೀತದಲ್ಲ. ಹೊಡೆದು ಹೊಡೆದು ನಿಲ್ತದೆ, ಸ್ವಲ್ಪ ಕಳೆದು ಮತ್ತೆ ಹೊಡೀತದೆ. ನೀವು ಇಲ್ಲೇ ಕೂತು ತೋಟ ನೋಡ್ತಾ ಇರ್ತೀರಿ. ದೊಡ್ಡವರ ಮನೆ ವಿಷಯ, ನನಗೆ ಯಾಕೆ ಅಂತ ಸುಮ್ಮನಿದ್ದೆ. ಹೋದ ವಾರ ಕೂಡ ಹೊಡೀತು."

ಇಂಟರ್ನೆಟ್ಟಿನ ಜೊತೆಗೆ ಬಂದ ಲ್ಯಾಂಡ್‌ಲೈನ್ ಅದು. ಕೀಚಲು ದನಿಯ ಅಗ್ಗದ ಫೋನು, ಯಾರು ಮಾಡಿದರೆಂದು ತೋರಿಸುವ ಪರದೆಯೂ ಇಲ್ಲ. ಕಂಪನಿ ಕೊಟ್ಟ ಮೊಬೈಲಿನ ನಂಬರ್ ಕಂಪನಿಯವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಯಮುನನಿಗೆ ಗೊತ್ತಿದ್ದದ್ದು ಇದೊಂದೇ. ಒಂದು ವರ್ಷ ನಾಲ್ಕು ತಿಂಗಳು. ಎಪ್ಪತ್ತು ಭಾನುವಾರ. ತೆಗೆಯದ ಅಣ್ಣನಿಗೆ ಅವಳು ಎರಡೆರಡು ಸಲ ಫೋನ್ ಮಾಡಿದ್ದಳು, ಅವನು ಮೂವತ್ತು ಅಡಿ ದೂರದಲ್ಲಿ ಕೂತು ಅವಳು ತನ್ನನ್ನು ಮರೆತಳೆಂದು ಬಿಗಿದುಕೊಂಡಿದ್ದ. ಬೋಜಮ್ಮನ ಎದುರು ಅಳುವುದು ಹೇಗೆಂದು ತಿಳಿಯದೆ ಎದ್ದು ಒಳಗೆ ಹೋದ.

ಹಾಲಿನ ಮೂಲೆಯ ಸ್ಟೂಲಿನ ಮೇಲೆ ಹೂವಿನ ಬಟ್ಟೆ ಹೊದ್ದು ಫೋನ್ ಕೂತಿತ್ತು. ಬಟ್ಟೆ ತೆಗೆದು, ಮಡಿಚಿ, ಪಕ್ಕಕ್ಕಿಟ್ಟ. ಗೋಡೆಯ ಗಡಿಯಾರದಲ್ಲಿ ಮೂರೂ ಐವತ್ತು. ತಾನೇ ಮಾಡಬಹುದಿತ್ತು, ನಂಬರ್ ಬಾಯಿಗೆ ಬರುತ್ತಿತ್ತು. ಆದರೆ ಅವಳು ಇನ್ನೂ ಮಾಡುತ್ತಾಳೋ ಇಲ್ಲವೋ ಎಂಬುದು ಅವನಿಗೆ ಗೊತ್ತಾಗಬೇಕಾಗಿತ್ತು. ಕುರ್ಚಿ ಎಳೆದು ಕೂತು, ಬಿಸಿ ನೋಡಲು ಅಚ್ಚಿನ ಡಬ್ಬಿಯ ಮೇಲೆ ಇಡುತ್ತಿದ್ದಂತೆ, ಅಂಗೈಯನ್ನು ಫೋನಿನ ಮೇಲಿಟ್ಟ.

ನಾಲ್ಕಾಯಿತು. ನಾಲ್ಕೂ ಐದಾಯಿತು. ಹಿತ್ತಲಲ್ಲಿ ಬಟ್ಟೆ ಬಡಿಯುವ ಸದ್ದು ನಿಂತಿತ್ತು. ಹೋದ ವಾರವೇ ಕೊನೆಯದಾಗಿರಬಹುದು ಎಂದು ಅವನು ಅಂದುಕೊಂಡ. ಎಪ್ಪತ್ತು ಸಲ ಸಾಲದೇ.

ಅಷ್ಟರಲ್ಲಿ ಅಂಗೈಗೆ ಸಣ್ಣ ನಡುಕ ತಾಗಿತು. ಬೆರಳುಗಳ ಸಂದಿಯಲ್ಲಿ ಒಂದು ಕೆಂಪು ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಅವನಿಗೆ ಏನೂ ಕೇಳಲಿಲ್ಲ. ಬೋಜಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಓಡಿ ಬಂದು, ಹೊಡೀತಾ ಉಂಟು ಅಯ್ಯ, ಎಂದಳು. ಮೊಣ್ಣಪ್ಪ ಎತ್ತಿ ಕಿವಿಗೆ ಒತ್ತಿ ಹಿಡಿದ.

ಎತ್ತುತ್ತಾರೆಂದು ಆ ಕಡೆಯವಳೂ ನಿರೀಕ್ಷಿಸಿರಲಿಲ್ಲ.

"ಅಣ್ಣ?" ಎಂದಳು ಯಮುನ. "ಕೋಪ ಹೋತಾ ಅಣ್ಣ?"

"ಕೋಪ ಅಲ್ಲ ಯಮುನ. ನಾನು ಸಿಕ್ ಲೈನಲ್ಲಿ ಇದ್ದೆ."

"ಎಂಥ? ಲೈನಲ್ಲಾ? ಯಾವ ಎಸ್ಟೇಟಿನ ಲೈನು? ಹುಷಾರಿಲ್ಲೆನಾ ಅಣ್ಣ? ಗಂಜಿ ಯಾರ್ ಮಾಡಿಕೊಡ್ದು ನಿಂಗೆ?"

ಅವಳು ಇನ್ನೂ ಏನೇನೋ ಕೇಳುತ್ತಿದ್ದಳು, ಅರ್ಧಕ್ಕರ್ಧ ಮಾತು ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಮೊಣ್ಣಪ್ಪ ಕಣ್ಣು ಒರೆಸಿಕೊಂಡು, ಇಷ್ಟು ವರ್ಷ ಯಾರಲ್ಲೂ ಕೇಳಿಕೊಳ್ಳದ ಒಂದನ್ನು ಕೇಳಿಕೊಂಡ.

"ಸ್ವಲ್ಪ ಜೋರಾಗಿ ಹೇಳ್ ಯಮುನ. ನಂಗೆ ಕೇಳ್ದುಲೆ."